ಹಸುಗೂಸಿನ ಇಸುಬಿಗೆ ಏನು ಹಚ್ಚಬೇಕು: ಎಣ್ಣೆಯೋ, ಮುಲಾಮೋ, ಸ್ಟೀರಾಯ್ಡೋ?

ಮೂರು ತಿಂಗಳ ಕೂಸಿನ ಕೆನ್ನೆ ಒರಟಾಗಿ, ಕೆಂಪೇರಿ, ಅಲ್ಲಲ್ಲಿ ನೀರು ಜಿನುಗತೊಡಗಿದರೆ ಮನೆಯಲ್ಲಿ ಸಲಹೆಗಳಿಗೆ ಬರವಿರುವುದಿಲ್ಲ. ಅಜ್ಜಿ ಕೊಬ್ಬರಿ ಎಣ್ಣೆ ಎನ್ನುತ್ತಾರೆ. ಅತ್ತೆ ಬೇವಿನ ಸೊಪ್ಪು ಅರೆಯಲು ಕೂರುತ್ತಾರೆ. ಅಮೆರಿಕದಲ್ಲಿರುವ ನಾದಿನಿ ದುಬಾರಿ ಕ್ರೀಮಿನ ಚಿತ್ರ ಕಳುಹಿಸುತ್ತಾಳೆ. ಔಷಧಿ ಅಂಗಡಿಯವರು ಚೀಟಿಯನ್ನೂ ಕೇಳದೆ ಒಂದು ಟ್ಯೂಬ್ ಕೈಗಿಡುತ್ತಾರೆ. ಈ ನಾಲ್ಕರಲ್ಲಿ ನಿಜಕ್ಕೂ ಅಪಾಯಕಾರಿಯಾಗಬಹುದಾದದ್ದು ಕೊನೆಯದು. ಆದರೆ ಮನೆಯವರು ಹೆದರುವುದು ಅದಕ್ಕಲ್ಲ. ಮಕ್ಕಳ ವೈದ್ಯರು ಬರೆದುಕೊಟ್ಟ, ಉರಿಯೂತ ಇಳಿಸುವ ಸೌಮ್ಯ ಸ್ಟೀರಾಯ್ಡ್ ಮುಲಾಮಿಗೆ ಹೆದರಿ ಅದನ್ನು ಕಪಾಟಿನಲ್ಲೇ ಬಿಡುತ್ತಾರೆ, ಅದಕ್ಕಿಂತ ನೂರಾರು ಪಟ್ಟು ತೀಕ್ಷ್ಣವಾದ ಔಷಧ ಅಡಗಿರುವ ಅಂಗಡಿಯ ಟ್ಯೂಬನ್ನು ‘ಬರಿಯ ತುರಿಕೆ ಕ್ರೀಮು’ ಎಂದು ನಿಶ್ಚಿಂತೆಯಿಂದ ಹಚ್ಚುತ್ತಾರೆ.

ಆದ್ದರಿಂದ ಇಲ್ಲಿ ಒಂದೊಂದನ್ನೂ ಇನ್ನೊಂದರ ಪಕ್ಕದಲ್ಲಿಟ್ಟು ನೋಡೋಣ. ಎಲ್ಲಕ್ಕೂ ಸಮಾನ ಅಂಕ ಕೊಡುವ ಉದ್ದೇಶ ನನಗಿಲ್ಲ.

ಮೊದಲು, ಇದು ಇಸುಬೇ ಹೌದೇ?

ಕೂಸಿನ ಮೈಮೇಲೆ ಏಳುವುದೆಲ್ಲ ಇಸುಬು, ಅಂದರೆ ಎಕ್ಸಿಮಾ, ಅಲ್ಲ. ತಲೆಯ ಮೇಲೆ ಹಳದಿಯಾದ ಜಿಡ್ಡು ಹೊಟ್ಟು ಅಂಟಿಕೊಂಡಿದ್ದು, ಮಗು ಆರಾಮಾಗಿ ಹಾಲು ಕುಡಿದು ಮಲಗುತ್ತಿದ್ದರೆ ಅದು ಮೊದಲ ತಿಂಗಳುಗಳಲ್ಲಿ ಬಂದು ತಾನಾಗಿಯೇ ಹೋಗುವ ತಲೆಹೊಟ್ಟು. ಬೇಸಿಗೆಯಲ್ಲಿ ಕುತ್ತಿಗೆ, ಬೆನ್ನಿನ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದರೆ ಬೆವರುಸಾಲೆ. ಅದಕ್ಕೆ ದಪ್ಪ ಮುಲಾಮು ಬಳಿದರೆ ಹೆಚ್ಚುತ್ತದೆ, ಗಾಳಿಯಾಡಲು ಬಿಟ್ಟರೆ ಇಳಿಯುತ್ತದೆ. ಅಂಗೈ, ಅಂಗಾಲುಗಳಲ್ಲೂ ಗುಳ್ಳೆಗಳಿದ್ದು, ಮನೆಯ ಇನ್ನಿಬ್ಬರಿಗೆ ರಾತ್ರಿ ಹೊತ್ತು ವಿಪರೀತ ತುರಿಕೆ ಇದ್ದರೆ ಕಜ್ಜಿಯನ್ನು ಸಂದೇಹಿಸಬೇಕು. ಕಜ್ಜಿಯಾದರೆ ಮನೆಮಂದಿಗೆಲ್ಲ ಒಟ್ಟಿಗೇ ಚಿಕಿತ್ಸೆ ಬೇಕು; ಕೂಸಿಗೆ ಮಾತ್ರ ಮುಲಾಮು ಹಚ್ಚುತ್ತಾ ಕೂತರೆ ಎಂದಿಗೂ ಮುಗಿಯದು.

ಹಸುಗೂಸಿನ ಇಸುಬು ಸಾಮಾನ್ಯವಾಗಿ ಕೆನ್ನೆ, ಹಣೆ, ತಲೆಯಲ್ಲಿ ಮೊದಲು ಕಾಣಿಸಿ, ಆಮೇಲೆ ಕೈಕಾಲುಗಳ ಹೊರಮೈಗೆ ಹರಡುತ್ತದೆ. ಮಂಡಿ ಮತ್ತು ಮೊಣಕೈ ಮಡಿಕೆಗಳಿಗೆ ಇಳಿಯುವುದು ಮಗು ಸ್ವಲ್ಪ ದೊಡ್ಡದಾದ ಮೇಲೆ. ಡೈಪರ್ ಕಟ್ಟುವ ಜಾಗ ಮಾತ್ರ ಹೆಚ್ಚಾಗಿ ಚೆನ್ನಾಗಿರುತ್ತದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಬೂದು, ನೇರಳೆ ಅಥವಾ ಗಾಢ ಕಂದು ತೇಪೆಯಂತೆ ಕಾಣಬಹುದು. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವಾದ್ದರಿಂದ ಕಣ್ಣಿಗಿಂತ ಬೆರಳನ್ನು ನಂಬುವುದು ಲೇಸು: ಒರಟುತನ ಕೈಗೆ ಬೇಗ ಸಿಗುತ್ತದೆ.

ಇಲ್ಲಿ ಮೂಲದ ತೊಂದರೆ ‘ರಕ್ತ ಕೆಟ್ಟಿರುವುದು’ ಅಲ್ಲ, ‘ನಂಜು’ ಕೂಡ ಅಲ್ಲ. ಸರಿಯಾಗಿ ಬೇಯದ ಮಡಕೆ ನೀರು ಜಿನುಗಿಸುವಂತೆ ಈ ಮಕ್ಕಳ ಚರ್ಮ ತೇವವನ್ನು ಹಿಡಿದಿಡಲಾರದು. ಹೊರಗಿನ ಕಿರಿಕಿರಿಯ ವಸ್ತುಗಳು ಸುಲಭವಾಗಿ ಒಳನುಗ್ಗುತ್ತವೆ. ಚರ್ಮದ ಹೊರಪದರವನ್ನು ಗಟ್ಟಿ ಮಾಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿರುವ ದೋಷಕ್ಕೂ ಇಸುಬಿಗೂ ನಂಟಿದೆಯೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ನೇತೃತ್ವದ ತಂಡ ತೋರಿಸಿತು. ಎಲ್ಲ ಮಕ್ಕಳಲ್ಲೂ ಆ ದೋಷ ಇರುವುದಿಲ್ಲ, ಆದರೆ ಸೋರುವ ಚರ್ಮ ಎಲ್ಲರಲ್ಲೂ ಇರುತ್ತದೆ. ಮುಂದಿನ ಆಯ್ಕೆಗಳನ್ನೆಲ್ಲ ಅಳೆಯಬೇಕಾದದ್ದು ಇದರಿಂದಲೇ: ಈ ವಸ್ತು ಸೋರುವುದನ್ನು ತಡೆಯುತ್ತದೆಯೇ, ಇಲ್ಲ ಇನ್ನಷ್ಟು ತೂತು ಮಾಡುತ್ತದೆಯೇ?

ಎಣ್ಣೆಗಳಲ್ಲಿ ಯಾವುದು

ಕೊಬ್ಬರಿ ಎಣ್ಣೆಯ ಪರ ವಾದಿಸಲು ಅಜ್ಜಿಯೊಬ್ಬರೇ ಇಲ್ಲ. 2014ರಲ್ಲಿ ಫಿಲಿಪೀನ್ಸಿನಲ್ಲಿ 117 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಶುದ್ಧ ತೆಂಗಿನೆಣ್ಣೆಯು ಚರ್ಮಕ್ಕೆ ಹಚ್ಚುವ ಖನಿಜ ತೈಲಕ್ಕಿಂತ (ಮಿನರಲ್ ಆಯಿಲ್) ಚೆನ್ನಾಗಿ ಕೆಲಸ ಮಾಡಿತು. ಅದರಲ್ಲಿರುವ ಲಾರಿಕ್ ಆಮ್ಲಕ್ಕೆ ಇಸುಬಿನ ಚರ್ಮದಲ್ಲಿ ಮನೆ ಮಾಡುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವ ಗುಣವೂ ಇದೆ. ಆದರೆ ಆ ಮಕ್ಕಳೆಲ್ಲ ಒಂದು ವರ್ಷ ದಾಟಿದವರು, ಅವರದ್ದು ಅಷ್ಟೇನೂ ತೀವ್ರವಲ್ಲದ ಇಸುಬು. ಆದ್ದರಿಂದ ಸೌಮ್ಯ ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಧಾರಾಳವಾಗಿ ಸರಿ. ನೀರು ಜಿನುಗುತ್ತಿರುವ ಕೆನ್ನೆಗೆ ಅದೊಂದೇ ಸಾಲದು.

ಆಲಿವ್ ಎಣ್ಣೆಯ ಬಗ್ಗೆ ನನಗೆ ಒಂದಿಷ್ಟೂ ಒಲವಿಲ್ಲ. ಬಾಣಂತಿಗೆ ಉಡುಗೊರೆಯಾಗಿ ಬರುವ ಆ ಚಂದದ ಬಾಟಲಿಯಲ್ಲಿ ಓಲಿಕ್ ಆಮ್ಲ ಹೆಚ್ಚು, ಅದು ಚರ್ಮದ ತಡೆಗೋಡೆಯನ್ನು ಸಡಿಲಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ವಯಸ್ಕರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಸಾಸಿವೆ ಎಣ್ಣೆ ಇನ್ನೂ ಕಿರಿಕಿರಿ ಮಾಡುವಂಥದ್ದು. ಉತ್ತರ ಭಾರತದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಮನೆಗಳಲ್ಲಿ ಅದರ ಮಾಲೀಶು ರೂಢಿ, ಇಸುಬಿರುವ ಮಗುವಿಗೆ ಮಾತ್ರ ಬೇಡವೇ ಬೇಡ. ಬಾದಾಮಿ ಎಣ್ಣೆ, ಶೇಂಗಾ ಎಣ್ಣೆಗಳನ್ನು ಬಿರಿದ ಚರ್ಮಕ್ಕೆ ಹಚ್ಚದಿರುವುದಕ್ಕೆ ಬೇರೆಯೇ ಕಾರಣವಿದೆ, ಅದನ್ನು ಸ್ನಾನದ ಭಾಗದಲ್ಲಿ ಹೇಳುತ್ತೇನೆ. ಹರಳೆಣ್ಣೆ ತೀರಾ ಅಂಟು. ಹಾನಿಗಿಂತ ಹೆಚ್ಚಾಗಿ ಕಿರಿಕಿರಿ, ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ಯಾವ ಎಣ್ಣೆ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಯಾವಾಗ ಎನ್ನುವುದು. ನಮ್ಮ ಕಡೆ ಎಣ್ಣೆ ತಿಕ್ಕಿ, ಬಿಸಿಬಿಸಿ ನೀರು ಎರೆದು, ಕಡಲೆಹಿಟ್ಟಿನಿಂದ ಅಷ್ಟೂ ಎಣ್ಣೆಯನ್ನು ತೆಗೆದುಬಿಡುತ್ತೇವೆ. ಇಸುಬಿನ ಕೂಸಿಗೆ ಈ ಕ್ರಮ ಉಲ್ಟಾ ಆಗಬೇಕು. ಮೊದಲು ನೀರು, ಆಮೇಲೆ ಎಣ್ಣೆ. ಅದೂ ಮೈ ಪೂರ್ತಿ ಒಣಗುವ ಮೊದಲು. ಎಣ್ಣೆ ತೇವವನ್ನು ತರುವುದಿಲ್ಲ, ಇರುವ ತೇವವನ್ನು ಮುಚ್ಚಿಡುತ್ತದೆ ಅಷ್ಟೆ. ಒಣ ಚರ್ಮದ ಮೇಲೆ ಹಚ್ಚಿದರೆ ಮುಚ್ಚಿಡಲು ಒಳಗೆ ಏನೂ ಇರುವುದಿಲ್ಲ. ತಿಕ್ಕುವಾಗಲೂ ಮೃದುವಾಗಿ, ಕೂದಲು ಬೆಳೆದಿರುವ ದಿಕ್ಕಿನಲ್ಲೇ.

ಲೋಷನ್, ಕ್ರೀಮು, ಮುಲಾಮು

ಇವುಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ನೀರಿನ ಪ್ರಮಾಣದ್ದು. ಲೋಷನ್ನಿನಲ್ಲಿ ನೀರು ಹೆಚ್ಚು, ಬೇಗ ಹರಡುತ್ತದೆ, ಬೇಗ ಆರುತ್ತದೆ. ಮುಲಾಮಿನಲ್ಲಿ ನೀರು ಇಲ್ಲವೇ ಇಲ್ಲ ಎನ್ನಬಹುದು. ಬಿಳಿ ಪೆಟ್ರೋಲಿಯಂ ಜೆಲ್ಲಿ ಅದರ ಮಾದರಿ. ಜಿಡ್ಡಾದರೂ ಗಂಟೆಗಟ್ಟಲೆ ನಿಲ್ಲುತ್ತದೆ, ಸಂರಕ್ಷಕಗಳು ಬೇಕಿಲ್ಲದ ಕಾರಣ ಉರಿಯೂ ಕಡಿಮೆ. ಕ್ರೀಮು ಇವೆರಡರ ನಡುವಿನದು.

ಯಾವುದು ಉತ್ತಮ ಎಂದು ವಾದಿಸುವವರಿಗೆ ಇಂಗ್ಲೆಂಡಿನಲ್ಲಿ ಒಳ್ಳೆಯ ಉತ್ತರ ಸಿಕ್ಕಿದೆ. 550 ಮಕ್ಕಳನ್ನು ಲೋಷನ್, ಕ್ರೀಮು, ಜೆಲ್, ಮುಲಾಮು ಎಂದು ನಾಲ್ಕು ಗುಂಪು ಮಾಡಿ 16 ವಾರ ನೋಡಿದರು. 2022ರಲ್ಲಿ ಫಲಿತಾಂಶ ಹೊರಬಂದಾಗ ನಾಲ್ಕರ ನಡುವೆ ಗಣ್ಯ ವ್ಯತ್ಯಾಸವೇ ಇರಲಿಲ್ಲ. ಅಂದರೆ ನಿಮ್ಮ ಮಗು ಅಳದೆ ಹಚ್ಚಿಸಿಕೊಳ್ಳುವ, ನಿಮಗೆ ತಿಂಗಳಾನುಗಟ್ಟಲೆ ಕೊಳ್ಳಲು ಸಾಧ್ಯವಾಗುವ ಡಬ್ಬಿಯೇ ಗೆದ್ದಂತೆ.

ಈ ಕೊಳ್ಳುವ ಮಾತನ್ನು ವೈದ್ಯರು ಬಾಯಿಬಿಟ್ಟು ಹೇಳುವುದು ಕಡಿಮೆ. ಇಡೀ ಮೈಗೆ ದಿನಕ್ಕೆ ಎರಡು-ಮೂರು ಬಾರಿ ಧಾರಾಳವಾಗಿ ಹಚ್ಚಿದರೆ ಪುಟ್ಟ ಕೂಸಿಗೂ ವಾರಕ್ಕೆ ಸುಮಾರು 100 ಗ್ರಾಂ ಬೇಕಾಗುತ್ತದೆ. ಚರ್ಮದಲ್ಲೇ ಇರುವ ಸೆರಮೈಡ್ ಎಂಬ ಕೊಬ್ಬಿನಂಶ ಸೇರಿಸಿದ ದುಬಾರಿ ಕ್ರೀಮಿನ 50 ಗ್ರಾಮಿನ ಟ್ಯೂಬು ನಾಲ್ಕು ದಿನಕ್ಕೆ ಮುಗಿಯುತ್ತದೆ. ಬೆಲೆ ನೋಡಿ ತಾಯಿ ಅದನ್ನು ಬಟಾಣಿಯಷ್ಟೇ ಹಿಂಡತೊಡಗುತ್ತಾಳೆ. ಅಲ್ಲಿಗೆ ದುಬಾರಿ ಕ್ರೀಮು ಸೋತಿತು. ಸೆರಮೈಡ್ ಕೆಟ್ಟದ್ದಲ್ಲ, ಹಣವಿದ್ದವರು ಕೊಳ್ಳಲಿ. ಆದರೆ ನನ್ನನ್ನು ಕೇಳಿದರೆ ಸುವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯ ಅಥವಾ ಪ್ಯಾರಫಿನ್ ಆಧಾರಿತ ಸಾದಾ ಕ್ರೀಮಿನ ದೊಡ್ಡ ಡಬ್ಬಿಯನ್ನೇ ಮೊದಲು ತನ್ನಿ ಎನ್ನುತ್ತೇನೆ. ‘ಬೇಬಿ’ ಎಂಬ ಹೆಸರು, ಗುಲಾಬಿ ಬಣ್ಣ, ಮೂಗಿಗೆ ಹಿತವಾದ ಪರಿಮಳ ಇವು ಯಾವುವೂ ಅರ್ಹತೆಗಳಲ್ಲ. ಪರಿಮಳವಂತೂ ನೇರ ಅನರ್ಹತೆ. ಯೂರಿಯಾ ಇರುವ ಕ್ರೀಮುಗಳು ದೊಡ್ಡವರ ಒಡೆದ ಹಿಮ್ಮಡಿಗೆ ಚೆನ್ನ, ಕೂಸಿನ ಬಿರಿದ ಕೆನ್ನೆಗೆ ಉರಿ. ಡಬ್ಬಿಯೊಳಗೆ ಬೆರಳದ್ದಬೇಡಿ, ಶುಚಿಯಾದ ಚಮಚದಿಂದ ತೆಗೆಯಿರಿ.

ಊರು ಮತ್ತು ಕಾಲ ನೋಡಿ ಬದಲಾಯಿಸಬೇಕಾದದ್ದೂ ಉಂಟು. ಮಂಗಳೂರು, ಉಡುಪಿಯ ಬೇಸಿಗೆಯಲ್ಲಿ ಮೈತುಂಬ ಜೆಲ್ಲಿ ಬಳಿದರೆ ಬೆವರು ಸಿಕ್ಕಿಕೊಂಡು ತುರಿಕೆ ಹೆಚ್ಚಬಹುದು. ಅಲ್ಲಿ ಹಗಲು ಲೋಷನ್ ಅಥವಾ ತೆಳು ಕ್ರೀಮು, ರಾತ್ರಿ ಒರಟು ಜಾಗಗಳಿಗಷ್ಟೇ ಮುಲಾಮು. ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ ಬೆಂಗಳೂರು, ಬೆಳಗಾವಿಯವರಿಗೆ ಮುಲಾಮೇ ಸರಿ. ಚಿಕಾಗೊದಲ್ಲೋ ಲಂಡನ್ನಿನಲ್ಲೋ ಹೀಟರ್ ಹಾಕಿದ ಮನೆಯಲ್ಲಿ ಬೆಳೆಯುವ ಕೂಸಿಗೆ ಚಳಿಗಾಲವಿಡೀ ಅದು ಬೇಕು.

ಒಂದು ಎಚ್ಚರ: ಪ್ಯಾರಫಿನ್ (ಪೆಟ್ರೋಲಿಯಂ ಜೆಲ್ಲಿಯೂ ಅದೇ) ಆಗಲಿ, ಎಣ್ಣೆಯಾಗಲಿ, ಬಟ್ಟೆಗೆ ಅಂಟಿ ಒಣಗಿದ ಮೇಲೆ ಆ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ಆರತಿ, ದೀಪ, ಗ್ಯಾಸ್ ಒಲೆಯ ಹತ್ತಿರ ಅಂಥ ಬಟ್ಟೆಯ ಕೂಸನ್ನು ಎತ್ತಿಕೊಂಡು ನಿಲ್ಲಬೇಡಿ.

ಎರಡನೆಯ ಮಗುವಿಗೂ ಬರಬಾರದೆಂದು ಹುಟ್ಟಿದ ದಿನದಿಂದಲೇ ಕ್ರೀಮು ಹಚ್ಚುವವರಿದ್ದಾರೆ. ಬ್ರಿಟನ್ನಿನಲ್ಲಿ ಅಂಥ 1394 ಶಿಶುಗಳನ್ನು ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು: ಎರಡು ವರ್ಷದ ಹೊತ್ತಿಗೆ ಕ್ರೀಮು ಹಚ್ಚಿದವರಲ್ಲಿ ಶೇಕಡ 23, ಹಚ್ಚದವರಲ್ಲಿ ಶೇಕಡ 25 ಮಕ್ಕಳಿಗೆ ಇಸುಬು ಇತ್ತು. ಆ ಹಣ ಉಳಿಸಿ.

ನೀರು ಎರೆಯುವಾಗ

ದಿನಾ ಸ್ನಾನ ಮಾಡಿಸಬಹುದು. ಬಿಡಬೇಕಾದದ್ದು ಹಂಡೆಯ ಹೊಗೆಯಾಡುವ ನೀರನ್ನು. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಮೆತ್ತಗೆ ಒತ್ತಿ ಒರೆಸಿ ಕೂಡಲೇ ಕ್ರೀಮು. ಇಷ್ಟೇ.

ಮೈತಿಕ್ಕಲು ಸಾಬೂನು, ಕಡಲೆಹಿಟ್ಟು, ಹೆಸರುಹಿಟ್ಟು, ಸೋಪಿಲ್ಲದ ಕ್ಲೆನ್ಸರ್ ಇವುಗಳಲ್ಲಿ ನನ್ನ ಮತ ಕೊನೆಯದಕ್ಕೆ, ಅದೂ ಕೊಳೆಯಾಗುವ ಜಾಗಗಳಿಗೆ ಮಾತ್ರ. ಸಾಬೂನು ಕ್ಷಾರೀಯ, ಚರ್ಮ ತುಸು ಆಮ್ಲೀಯ, ಇಬ್ಬರಿಗೂ ಹೊಂದುವುದಿಲ್ಲ. ಹಿಟ್ಟುಗಳು ಒಣಗಿಸುತ್ತವೆ, ಉಜ್ಜುತ್ತವೆ. ಇನ್ನೊಂದು ಆತಂಕವೂ ಇದೆ. ಬಾಯಿಯ ಮೂಲಕ ಮೊದಲು ಪರಿಚಯವಾಗಬೇಕಾದ ಆಹಾರದ ಪ್ರೋಟೀನು ಬಿರಿದ ಚರ್ಮದ ಮೂಲಕ ಒಳಹೋದರೆ ದೇಹ ಅದನ್ನು ಶತ್ರುವೆಂದು ಭಾವಿಸುವ ಸಾಧ್ಯತೆ ಹೆಚ್ಚು. ಜಪಾನಿನಲ್ಲಿ ಗೋಧಿಯ ಪ್ರೋಟೀನು ಸೇರಿಸಿದ ಮುಖದ ಸಾಬೂನೊಂದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೆ ಅಲರ್ಜಿಯಾಗತೊಡಗಿತ್ತು. ಅವರು ದೊಡ್ಡವರು, ಆ ಪ್ರೋಟೀನು ಸಂಸ್ಕರಿಸಿದ್ದು, ನಿಜ. ಆದರೂ ಇಸುಬಿನ ಕೂಸಿನ ಕೆನ್ನೆಗೆ ಹಾಲಿನ ಕೆನೆ, ಬಾದಾಮಿ ಎಣ್ಣೆ, ಕಡಲೆಹಿಟ್ಟು ಹಚ್ಚುವ ಮೊದಲು ಯೋಚಿಸಲು ಇಷ್ಟು ಸಾಕು.

ಬೋರ್‌ವೆಲ್ಲಿನ ಗಡಸು ನೀರು ಕಾರಣವೇ? ಗಡಸು ನೀರಿರುವ ಕಡೆ ಇಸುಬು ಹೆಚ್ಚು ಕಾಣುವುದು ಹೌದು. ಆದರೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿದರೆ ಇಸುಬು ಇಳಿಯುತ್ತದೆಯೇ ಎಂದು 336 ಮಕ್ಕಳಲ್ಲಿ ಪರೀಕ್ಷಿಸಿದ ಬ್ರಿಟಿಷ್ ಅಧ್ಯಯನದಲ್ಲಿ, 2011ರಲ್ಲಿ, ಯಾವ ಲಾಭವೂ ಕಾಣಲಿಲ್ಲ. ಗಡಸು ನೀರಿನಲ್ಲಿ ಸಾಬೂನಿನ ಜಿಗುಟು ಮೈಮೇಲೆ ಉಳಿಯುವುದರಿಂದ ಸಾಬೂನು ಬಿಡುವುದೇ ಅಗ್ಗದ ಪರಿಹಾರ. ಕ್ಯಾನ್ ನೀರಿನಲ್ಲಿ ಮಗುವಿಗೆ ಸ್ನಾನ ಮಾಡಿಸುವ ಅಪಾರ್ಟ್‌ಮೆಂಟಿನವರು ಆ ದುಡ್ಡನ್ನು ಕ್ರೀಮಿಗೆ ಹಾಕಲಿ. ಸ್ನಾನದ ನೀರಿಗೆ ಬೆರೆಸುವ ದುಬಾರಿ ಎಣ್ಣೆಗಳ ಕಥೆಯೂ ಇದೇ: 483 ಮಕ್ಕಳ ಅಧ್ಯಯನ, 2018, ಪ್ರಯೋಜನ ಶೂನ್ಯ.

ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ನಿಲ್ಲಿಸಿ. ಹೊಗೆ ಚರ್ಮಕ್ಕೂ ಒಳ್ಳೆಯದಲ್ಲ, ಕೂಸಿನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಕ್ರೀಮು ಹಚ್ಚಿದ ಮೈ ಮತ್ತು ಬಟ್ಟೆಯನ್ನು ಕೆಂಡದ ಹತ್ತಿರ ಒಯ್ಯುವುದು ಮೂರನೆಯ ತಪ್ಪು. ಇದರ ಬಗ್ಗೆ ಅಜ್ಜಿಯೊಡನೆ ಜಗಳವಾಗುವುದು ಖಂಡಿತ. ತಲೆ ಆರಲು ಒಣ ಬಟ್ಟೆ ಸಾಕೆಂದು ಮಕ್ಕಳ ವೈದ್ಯರ ಬಾಯಲ್ಲೇ ಹೇಳಿಸಿದರೆ ಕೆಲಸ ಹಗುರ.

ಬಟ್ಟೆಯ ಮಾತಿಗೆ ಬಂದರೆ, ಇಸುಬಿಗೆಂದೇ ಮಾರುವ ವಿಶೇಷ ರೇಷ್ಮೆ ಉಡುಪಿನಿಂದ 300 ಮಕ್ಕಳ ಅಧ್ಯಯನದಲ್ಲಿ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ನೂರು ಬಾರಿ ಒಗೆದು ಮೆತ್ತಗಾದ ಅಜ್ಜಿಯ ಹತ್ತಿ ಸೀರೆಯೇ ಕೂಸಿಗೆ ಅತ್ಯುತ್ತಮ ಹೊದಿಕೆ. ಇಲ್ಲಿ ಅಜ್ಜಿ ಪೂರ್ತಿ ಗೆದ್ದರು. ಉಣ್ಣೆಯ ಕುಲಾವಿ ಕಟ್ಟುವುದಾದರೆ ಒಳಗೊಂದು ಹತ್ತಿಯದಿರಲಿ.

ಸ್ಟೀರಾಯ್ಡ್: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಕ್ರೀಮು ಸೋರಿಕೆಯನ್ನು ತಡೆಯುತ್ತದೆ, ಹೊತ್ತಿಕೊಂಡ ಉರಿಯೂತವನ್ನು ಆರಿಸುವುದಿಲ್ಲ. ಮಗು ರಾತ್ರಿಯಿಡೀ ಕೆನ್ನೆಯನ್ನು ಹಾಸಿಗೆಗೆ ಉಜ್ಜಿ ನಿದ್ದೆಗೆಡುವಂತಾದಾಗ ಸ್ಟೀರಾಯ್ಡ್ ಬೇಕು, ಮತ್ತು ಅದು ಸುರಕ್ಷಿತ. ಸುರಕ್ಷಿತವೆಂದರೆ ಸರಿಯಾದ ಮಟ್ಟದ್ದು, ಸರಿಯಾದ ಜಾಗಕ್ಕೆ, ಸರಿಯಾದಷ್ಟು ದಿನ.

ಕೂಸುಗಳಿಗೆ ಸಾಮಾನ್ಯವಾಗಿ ಕೊಡುವುದು ಶೇಕಡ 1ರ ಹೈಡ್ರೋಕಾರ್ಟಿಸೋನ್ ಅಥವಾ ಶೇಕಡ 0.05ರ ಡೆಸೊನೈಡ್. ಇವೆರಡೂ ಕೆಳಮಟ್ಟದ ಶಕ್ತಿಯವು; ಮುಖಕ್ಕೂ ಕೆಲವು ದಿನಗಳ ಮಟ್ಟಿಗೆ ವೈದ್ಯರು ಬರೆಯುತ್ತಾರೆ. ಮೈಮೇಲಿನ ಹಟಮಾರಿ ತೇಪೆಗಳಿಗೆ ಕೆಲವೊಮ್ಮೆ ಇನ್ನೊಂದು ಮೆಟ್ಟಿಲು ಮೇಲಿನದು, ಅದೂ ಅವರ ಕಣ್ಗಾವಲಿನಲ್ಲಿ. ತುದಿಯಲ್ಲಿ ನಿಂತಿರುವುದು ಕ್ಲೋಬೆಟಾಸಾಲ್. ಅದೇ ಔಷಧ, ಶಿಲೀಂಧ್ರನಾಶಕ ಮತ್ತು ಆಂಟಿಬಯೋಟಿಕ್‌ಗಳ ಜೊತೆ ಒಂದೇ ಟ್ಯೂಬಿನಲ್ಲಿ ಸೇರಿ, ‘ಎಲ್ಲ ತುರಿಕೆಗೂ’ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕೌಂಟರಿನ ಮೇಲೆ ಆ ನಿಯಮ ಎಷ್ಟು ನಡೆಯುತ್ತದೆಂದು ಓದುಗರಿಗೇ ಗೊತ್ತು. ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡದು, ಹಚ್ಚಿದ್ದರಲ್ಲಿ ಹೆಚ್ಚು ಪಾಲು ರಕ್ತಕ್ಕೆ ಸೇರುತ್ತದೆ. ತೀಕ್ಷ್ಣ ಸ್ಟೀರಾಯ್ಡಿನಿಂದ ಚರ್ಮ ತೆಳುವಾಗುವುದಷ್ಟೇ ಅಲ್ಲ, ಬೆಳವಣಿಗೆಗೂ ಪೆಟ್ಟು ಬೀಳಬಹುದು. ಟ್ಯೂಬಿನ ಹಿಂದಿನ ಸಣ್ಣ ಅಕ್ಷರಗಳಲ್ಲಿ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂದಿದ್ದರೆ ಕೇಳದೆ ಹಚ್ಚಬೇಡಿ. ಡೈಪರ್ ಕಟ್ಟುವ ಜಾಗಕ್ಕಂತೂ ಯಾವ ಸ್ಟೀರಾಯ್ಡನ್ನೂ ಸ್ವಂತ ಬುದ್ಧಿಯಿಂದ ಬೇಡ, ಮುಚ್ಚಿದ ಜಾಗದಲ್ಲಿ ಅದು ಇನ್ನಷ್ಟು ಒಳಗಿಳಿಯುತ್ತದೆ.

‘ಗಿಡಮೂಲಿಕೆಯದು, ಅಡ್ಡಪರಿಣಾಮವಿಲ್ಲ’ ಎಂದು ಹೆಸರು-ವಿಳಾಸವಿಲ್ಲದ ಡಬ್ಬಿಯಲ್ಲಿ ಬರುವ ಮುಲಾಮು ಎರಡೇ ದಿನಕ್ಕೆ ಪವಾಡ ಮಾಡಿದರೆ ನನಗೆ ಸಂತೋಷಕ್ಕಿಂತ ಮೊದಲು ಗುಮಾನಿ ಹುಟ್ಟುತ್ತದೆ. ಬರ್ಮಿಂಗ್‌ಹ್ಯಾಮಿನ ಇಸುಬಿನ ರೋಗಿಗಳು ಬಳಸುತ್ತಿದ್ದ 24 ‘ಮೂಲಿಕೆ’ ಕ್ರೀಮುಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದಾಗ 20ರಲ್ಲಿ ಸ್ಟೀರಾಯ್ಡ್ ಸಿಕ್ಕಿತ್ತು.

ಎಷ್ಟು ಹಚ್ಚುವುದೆಂಬುದಕ್ಕೆ ಒಂದು ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು. ಮೂರರಿಂದ ಆರು ತಿಂಗಳ ಮಗುವಿನ ಮುಖ ಮತ್ತು ಕುತ್ತಿಗೆ ಪೂರ್ತಿ ಕೆಟ್ಟಿದ್ದರೆ ಇಂಥ ಒಂದು ಅಳತೆ, ಒಂದು ಕಾಲಿಗೆ ಒಂದೂವರೆ. ಇಸುಬು ಇರುವ ಜಾಗಕ್ಕೆ ಮಾತ್ರ ಇದು. ತೇವ ಕಾಯುವ ಸಾದಾ ಕ್ರೀಮು ಮಾತ್ರ ಮೈಗೆಲ್ಲ. ಎರಡರ ನಡುವೆ ಕಾಲು ಗಂಟೆಯಾದರೂ ಅಂತರವಿರಲಿ. ಹೆದರಿ ಗೆರೆ ಎಳೆದಂತೆ ಸವರಿದರೆ ಉರಿಯೂತ ಆರುವುದೂ ಇಲ್ಲ, ನಿಲ್ಲಿಸಲು ಆಗುವುದೂ ಇಲ್ಲ. ಕೊನೆಗೆ ಒಟ್ಟು ಬಳಸಿದ ಔಷಧವೇ ಹೆಚ್ಚಾಗುತ್ತದೆ.

ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಚರ್ಮವನ್ನು ತೆಳುಮಾಡುವುದಿಲ್ಲ, ಮುಖಕ್ಕೆ ಅನುಕೂಲ. ಆದರೆ ಶೇಕಡ 0.03ರದ್ದಕ್ಕೂ ಅನುಮತಿ ಇರುವುದು ಎರಡು ವರ್ಷದ ಮೇಲಿನವರಿಗೆ. ಅದಕ್ಕಿಂತ ಚಿಕ್ಕವರಿಗೆ ಚರ್ಮತಜ್ಞರು ತೀರ್ಮಾನಿಸಬೇಕು. ತುರಿಕೆಗೆಂದು ನಿದ್ದೆ ಬರಿಸುವ ಸಿರಪ್ಪುಗಳನ್ನು ಹಸುಗೂಸಿಗೆ ಕುಡಿಸಬೇಡಿ.

ತಾಯಿಯ ತಟ್ಟೆಯಿಂದ ಏನು ತೆಗೆಯಬೇಕು

ಬಹುಪಾಲು ಏನನ್ನೂ ಅಲ್ಲ. ಬಾಣಂತನದ ಪಥ್ಯದಲ್ಲಿ ಆಗಲೇ ಬದನೆಕಾಯಿ, ಆಲೂಗಡ್ಡೆ, ಅರ್ಧ ತರಕಾರಿಗಳು ಹೋಗಿರುತ್ತವೆ. ಅದರ ಮೇಲೆ ಹಾಲು, ಮೊಟ್ಟೆ, ಶೇಂಗಾ ನಿಲ್ಲಿಸಿದರೆ ಸೊರಗುವುದು ತಾಯಿ. ಹಾಲಿನ ಅಲರ್ಜಿಯನ್ನು ಸಂದೇಹಿಸಲು ಬೇರೆ ಗುರುತುಗಳಿವೆ: ಹಾಲು ಕುಡಿದ ಸ್ವಲ್ಪ ಹೊತ್ತಿಗೆ ದದ್ದು ಅಥವಾ ವಾಂತಿ, ಮಲದಲ್ಲಿ ರಕ್ತ, ತೂಕ ಏರದಿರುವುದು. ಅಂಥದ್ದಿದ್ದರೆ ವೈದ್ಯರ ಮಾತಿನಂತೆ, ನಿಗದಿತ ಅವಧಿಗೆ ಮಾತ್ರ ಬಿಟ್ಟು ನೋಡಬೇಕು.

ಮಗುವಿಗೆ ಶೇಂಗಾ ತಡವಾಗಿ ಕೊಡುವುದು ಕ್ಷೇಮ ಎಂಬ ಹಳೆಯ ನಂಬಿಕೆ 2015ರಲ್ಲಿ ಬುಡಮೇಲಾಯಿತು. ಲಂಡನ್ನಿನಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳನ್ನು ಐದು ವರ್ಷ ತುಂಬುವವರೆಗೆ ಗಮನಿಸಿದಾಗ, ನಾಲ್ಕರಿಂದ ಹನ್ನೊಂದು ತಿಂಗಳೊಳಗೆ ಶೇಂಗಾ ತಿನ್ನಲು ಆರಂಭಿಸಿದವರಲ್ಲಿ ಶೇಂಗಾ ಅಲರ್ಜಿ ತೀರಾ ಕಡಿಮೆಯಾಗಿತ್ತು. ತೀವ್ರ ಇಸುಬಿರುವ ಮಗುವಿಗೆ ವೈದ್ಯರನ್ನು ಕೇಳಿಯೇ ಆರಂಭಿಸಿ. ಇಡೀ ಕಾಳು ಎಂದೂ ಬೇಡ, ಗಂಟಲಿಗೆ ಸಿಕ್ಕೀತು. ನುಣ್ಣಗೆ ಅರೆದು ಗಂಜಿಯಲ್ಲಿ ತೆಳ್ಳಗೆ ಕಲಸಿ ಕೊಡಬೇಕು.

ಕಾಯದೆ ಹೋಗಬೇಕಾದ ಸಂದರ್ಭ

ಜೇನಿನ ಬಣ್ಣದ ಹಕ್ಕಳೆ ಕಟ್ಟುವುದು, ಕೀವು, ಜ್ವರ ಇವು ಸೋಂಕಿನ ಗುರುತುಗಳು. ಅದೇ ದಿನ ತೋರಿಸಿ. ಒಂದೇ ಗಾತ್ರದ ನೀರು ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಕೊರೆದಂಥ ಸಣ್ಣ ಹುಣ್ಣುಗಳಾಗುತ್ತಿದ್ದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಹರ್ಪಿಸ್ ವೈರಾಣು ಇಸುಬಿನೊಳಗೆ ಹರಡುತ್ತಿರಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಕಣ್ಣಿನ ಹತ್ತಿರವಿದ್ದರೆ ಇನ್ನೂ ಬೇಗ. ತುಟಿಯ ಅಂಚಿನಲ್ಲಿ ಅದೇ ವೈರಾಣುವಿನ ಜ್ವರದ ಗುಳ್ಳೆ ಎದ್ದಿರುವ ನೆಂಟರು ಯಾರೇ ಆಗಲಿ, ಅವರು ಕೂಸಿಗೆ ಮುತ್ತಿಡುವುದು ಬೇಡ.

ಉಳಿದಂತೆ, ಕ್ರಮವಾಗಿ ಕ್ರೀಮು ಹಚ್ಚಿಯೂ ಒಂದೆರಡು ವಾರದಲ್ಲಿ ಇಳಿಯದಿದ್ದರೆ ಮಕ್ಕಳ ವೈದ್ಯರನ್ನೋ ಚರ್ಮತಜ್ಞರನ್ನೋ ಕಾಣಿ. ಹೋಗುವಾಗ ಮನೆಯಲ್ಲಿ ಇದುವರೆಗೆ ಹಚ್ಚಿದ ಪ್ರತಿಯೊಂದು ಟ್ಯೂಬು, ಡಬ್ಬಿ, ಎಣ್ಣೆಯ ಬಾಟಲಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ; ಅತ್ತೆಯ ಬೇವಿನ ಲೇಪ, ಅಂಗಡಿಯವರ ಟ್ಯೂಬು ಯಾವುದನ್ನೂ ಸಂಕೋಚದಿಂದ ಮುಚ್ಚಿಡಬೇಡಿ. ಇಸುಬು ಹೆಚ್ಚಿದ ದಿನವೇ ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ, ಏಕೆಂದರೆ ವೈದ್ಯರ ಮುಂದೆ ಕೂತ ದಿನ ಕೆನ್ನೆ ಚೆನ್ನಾಗಿಯೇ ಇರುತ್ತದೆ.